ಬೇರೆಯವರ ಹೊಲ, ಎಲ್ಲರ ದಾರಿ: ಇಂಗ್ಲೆಂಡಿನ ಈಡೇಲ್‌ನಲ್ಲಿ ಒಂದು ನಡಿಗೆ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತು ಒಂದು ಗೇಟ್‌ನಿಂದ ಶುರು ಮಾಡ್ತೀನಿ.

ಕಳೆದ ವರ್ಷ ಮೇ ತಿಂಗಳಲ್ಲಿ ಮ್ಯಾಂಚೆಸ್ಟರ್‌ನಲ್ಲಿರೋ ಅಕ್ಕನ ಮನೆಗೆ ಹೋಗಿದ್ದೆ. ಒಂದು ದಿನ ಅವಳು, "ಮನೇಲೇ ಕೂತು ಫೋನ್ ನೋಡ್ಬೇಡ, ಈಡೇಲ್‌ಗೆ ಹೋಗಿ ನಡೆದು ಬಾರೋ" ಅಂದ್ಲು. ಈಡೇಲ್ ಅಂದ್ರೆ ಡರ್ಬಿಶೈರ್‌ನಲ್ಲಿ, ಪೀಕ್ ಡಿಸ್ಟ್ರಿಕ್ಟ್ ಅನ್ನೋ ಗುಡ್ಡಗಾಡಿನ ನಡುವೆ ಇರೋ ಪುಟ್ಟ ಹಳ್ಳಿ. ಮ್ಯಾಂಚೆಸ್ಟರ್‌ನಿಂದ ರೈಲಲ್ಲಿ ಮುಕ್ಕಾಲು ಗಂಟೆ ಅಷ್ಟೆ.

ಹಳ್ಳಿಯಿಂದ ಹೊಲಗಳ ನಡುವೆ ನಡೆದು ಅಪ್ಪರ್ ಬೂತ್ ಅನ್ನೋ ಜಾಗಕ್ಕೆ ಬಂದೆ. ನೋಡಿದ್ರೆ ದಾರಿ ನೇರ ಒಬ್ಬ ರೈತನ ಅಂಗಳಕ್ಕೇ ಹೋಗ್ತಿದೆ! ಒಂದು ಕಡೆ ದನದ ಕೊಟ್ಟಿಗೆ, ಇನ್ನೊಂದು ಕಡೆ ಮನೆ. ಗೇಟ್ ಮುಂದೆ ಐದು ನಿಮಿಷ ನಿಂತಿದ್ದೆ. ನಮ್ಮ ಕಡೆ ಗೊತ್ತಿಲ್ಲದವರ ತೋಟಕ್ಕೆ ಕಾಲಿಟ್ರೆ "ಯಾರಪ್ಪಾ ನೀನು, ಏನ್ ಬೇಕಿತ್ತು?" ಅಂತ ಮೊದಲ ಪ್ರಶ್ನೆ ಬರುತ್ತೆ. ಇಲ್ಲಿ ನಾನು ಪರದೇಶಿ ಬೇರೆ. ಅಷ್ಟರಲ್ಲಿ ನಾಯಿ ಜೊತೆ ಬಂದ ವಯಸ್ಸಾದ ಹೆಂಗಸೊಬ್ಬರು ನನ್ನ ಮುಖ ನೋಡಿ, "ದಾರಿ ಇದೇ, ಹೋಗಿ. ಗೇಟ್ ಮಾತ್ರ ಮತ್ತೆ ಹಾಕಿ" ಅಂದ್ರು.

"ಹೋಗಬಹುದಾ?" ಅಂತ ನಾನು ಕೇಳಬೇಕಾಗೇ ಇರಲಿಲ್ಲ. ಯಾಕೆ ಅನ್ನೋದೇ ಇವತ್ತಿನ ಸಂಚಿಕೆ.

ಜಮೀನು ಒಬ್ಬರದು, ನಡಿಗೆ ಎಲ್ಲರದು

ಫುಟ್‌ಪಾತ್ ಅಂದ್ರೆ ನಮಗೆ ನೆನಪಾಗೋದು ಪಾನಿಪೂರಿ ಗಾಡಿ, ಅದರ ಮೇಲೇ ನುಗ್ಗೋ ಬೈಕು. ಇಂಗ್ಲೆಂಡಿನ ಹಳ್ಳಿಯಲ್ಲಿ ಪಬ್ಲಿಕ್ ಫುಟ್‌ಪಾತ್ ಅಂದ್ರೆ ಖಾಸಗಿ ಹೊಲ, ಹುಲ್ಲುಗಾವಲು, ಅಂಗಳದ ಮೂಲಕ ಹಾದುಹೋಗೋ ಕಾಲುದಾರಿ. ಮಣ್ಣು ರೈತನದು, ಅದರ ಮೇಲೆ ನಡೆದು ದಾಟೋ ಹಕ್ಕು ಯಾರದಾದ್ರೂ ಸರಿ. ಬಿಕಾಂ ಓದಿದ ನನಗೆ ಆಸ್ತಿ ಅಂದ್ರೆ ಬ್ಯಾಲೆನ್ಸ್ ಶೀಟ್‌ನಲ್ಲಿ ಒಬ್ಬರ ಹೆಸರಿನ ಒಂದು ಸಾಲು. ಇಲ್ಲಿ ಅದೇ ಸಾಲಿನ ಒಳಗೆ ಊರಿಗೆಲ್ಲಾ ಸೇರಿದ ಒಂದು ಗೆರೆ ಇದೆ. ಇಂಗ್ಲೆಂಡ್ ಮತ್ತು ವೇಲ್ಸ್ ಸೇರಿ ಇಂಥ ದಾರಿಗಳು ಸುಮಾರು 2,25,000 ಕಿಲೋಮೀಟರ್ ಇವೆ.

ಗುರುತು ಹಿಡಿಯೋದು ಸುಲಭ. ಗೇಟ್ ಅಥವಾ ಕಂಬದ ಮೇಲೆ ಹಳದಿ ಬಾಣ ಇದ್ರೆ ನಡೆಯೋರಿಗೆ. ನೀಲಿ ಬಾಣ ಇದ್ರೆ ಕುದುರೆ, ಸೈಕಲ್ ಕೂಡ ಹೋಗಬಹುದು. ಆರ್ಡ್‌ನೆನ್ಸ್ ಸರ್ವೆಯ 1:25,000 ನಕ್ಷೆಯಲ್ಲಿ ಇವೆಲ್ಲ ಹಸಿರು ತುಂಡುಗೆರೆಗಳು. ಬೇಲಿ ದಾಟೋಕೆ ಮೆಟ್ಟಿಲು ಇಟ್ಟಿರ್ತಾರೆ, ಇಲ್ಲಾಂದ್ರೆ ಜನ ನುಸುಳಬಹುದಾದ, ದನ ನುಸುಳದ ಗೇಟ್ ಇರುತ್ತೆ.

ಹೊಲದ ನಡುವೆ ಹೋಗೋ ಕಾಲುದಾರಿಯನ್ನ ರೈತ ಉಳಬಹುದು. ಆದ್ರೆ ಬಿತ್ತನೆಗೆ ಮೊದಲ ಸಲ ಉತ್ತಮೇಲೆ 14 ದಿನದೊಳಗೆ ಅದನ್ನ ಮತ್ತೆ ಸರಿಮಾಡಿ ಕೊಡಬೇಕು, ಕನಿಷ್ಠ ಒಂದು ಮೀಟರ್ ಅಗಲ ಬಿಡಬೇಕು. ಹೊಲದ ಅಂಚಲ್ಲಿ ಹೋಗೋ ದಾರಿಯನ್ನಂತೂ ಉಳೋ ಹಾಗೇ ಇಲ್ಲ.

ಹೆಣ ಹೊತ್ತ ದಾರಿ

ಈ ಗೆರೆಗಳನ್ನ ಟೂರಿಸಂನವರು ಎಳೆದಿದ್ದಲ್ಲ. ಈಡೇಲ್‌ನ ದಕ್ಷಿಣಕ್ಕೆ ಹಾಲಿನ್ಸ್ ಕ್ರಾಸ್ ಅನ್ನೋ ಕಣಿವೆಬಾಯಿ ಇದೆ. ಅದನ್ನ ಹತ್ತಿ ಇಳಿದ್ರೆ ಕ್ಯಾಸಲ್ಟನ್ ಊರು. 17ನೇ ಶತಮಾನದಲ್ಲಿ ಈಡೇಲ್‌ಗೆ ಸ್ವಂತ ಚರ್ಚ್ ಬರೋವರೆಗೂ ಊರವರು ಹೆಣ ಹೊತ್ಕೊಂಡು ಈ ಗುಡ್ಡ ದಾಟಿ ಕ್ಯಾಸಲ್ಟನ್‌ನಲ್ಲಿ ಮಣ್ಣು ಮಾಡ್ತಿದ್ರು. ಆಮೇಲೆ ಈಡೇಲ್‌ನಲ್ಲಿ ಹತ್ತಿ ಗಿರಣಿ ಬಂತು, ಕ್ಯಾಸಲ್ಟನ್ ಕಡೆಯ ಕೂಲಿಗಳು ಇದೇ ದಾರೀಲಿ ಕೆಲಸಕ್ಕೆ ಬಂದ್ರು. ಇವತ್ತು ನಾವು ಅಲ್ಲಿ ಸೆಲ್ಫಿ ತೆಗೀತೀವಿ.

ಅಂದ್ರೆ ಹೆಜ್ಜೆ ಮೊದಲು, ಕಾನೂನು ಆಮೇಲೆ. ಅಲ್ಲಿನ ಹೈವೇಸ್ ಆಕ್ಟ್ ಕೂಡ ಇದನ್ನೇ ಹೇಳುತ್ತೆ: ಒಂದು ದಾರಿಯನ್ನ ಜನ 20 ವರ್ಷ ಎಡೆಬಿಡದೆ, ಬಲವಂತ ಮಾಡದೆ, ಕದ್ದುಮುಚ್ಚಿ ಅಲ್ಲದೆ, ಯಾರ ಅನುಮತಿಯನ್ನೂ ಕೇಳದೆ ಬಳಸಿದ್ರೆ ಅದು ಸಾರ್ವಜನಿಕ ದಾರಿ ಅಂತ ಎಣಿಸಬಹುದು. ಕೊಡೋ ಉದ್ದೇಶ ನನಗಿರಲಿಲ್ಲ ಅಂತ ಮಾಲೀಕ ತೋರಿಸಿದ್ರೆ ಮಾತು ಬೇರೆ.

ಜೈಲಿಗೆ ಹೋದ ಐದು ಜನ

ಆದ್ರೆ ದಾರಿ ಬಿಟ್ಟು ಬೆಟ್ಟದ ಮೇಲೆ ತಿರುಗಾಡೋ ಹಕ್ಕು ಸುಮ್ಮನೆ ಬರಲಿಲ್ಲ. ಈಡೇಲ್‌ನ ಉತ್ತರಕ್ಕೆ 636 ಮೀಟರ್ ಎತ್ತರದ ಕಿಂಡರ್ ಸ್ಕೌಟ್ ಇದೆ. ಆಗ ಅದು ಶ್ರೀಮಂತರು ಹಕ್ಕಿ ಬೇಟೆಯಾಡೋ ಜಾಗ, ಬೇರೆಯವರಿಗೆ ಪ್ರವೇಶ ಇಲ್ಲ. 1932ರ ಏಪ್ರಿಲ್ 24ರಂದು ಮ್ಯಾಂಚೆಸ್ಟರ್ ಕಡೆಯ ನೂರಾರು ಯುವಕ ಯುವತಿಯರು ಬೇಕಂತಲೇ ಅದನ್ನ ಹತ್ತಿದ್ರು. ಮುಂದೆ ನಿಂತಿದ್ದ ಬೆನ್ನಿ ರಾಥ್‌ಮನ್‌ಗೆ ಆಗ ಬರೀ 20 ವರ್ಷ. ಕಾವಲುಗಾರರ ಜೊತೆ ಕೈಕೈ ಮಿಲಾಯಿಸೋದೂ ಆಯ್ತು. ಐದು ಜನರಿಗೆ ಎರಡರಿಂದ ಆರು ತಿಂಗಳವರೆಗೆ ಜೈಲು.

ಜನರ ಸಿಟ್ಟು ತಣ್ಣಗಾಗಲಿಲ್ಲ. 1949ರಲ್ಲಿ ರಾಷ್ಟ್ರೀಯ ಉದ್ಯಾನ ಮತ್ತು ಗ್ರಾಮಾಂತರ ಪ್ರವೇಶದ ಕಾಯ್ದೆ ಬಂತು. 1951ರಲ್ಲಿ ಪೀಕ್ ಡಿಸ್ಟ್ರಿಕ್ಟ್ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನ ಆಯ್ತು. 1965ರಲ್ಲಿ ಈಡೇಲ್‌ನಿಂದ ಸ್ಕಾಟ್ಲೆಂಡಿನ ಗಡಿವರೆಗೆ 430 ಕಿಲೋಮೀಟರ್ ಆಸುಪಾಸಿನ ಪೆನೈನ್ ವೇ ಶುರುವಾಯ್ತು. ನಾನು ಗೇಟ್ ಮುಂದೆ ಹೆದರಿ ನಿಂತಿದ್ದೆ ಅಂದ್ನಲ್ಲ, ಅದೂ ಆ ಪೆನೈನ್ ವೇನೇ! 2000ದ ಕಾಯ್ದೆ ಕಿಂಡರ್‌ನಂಥ ಬಯಲು, ಬೆಟ್ಟಗಳಲ್ಲಿ ದಾರಿ ಬಿಟ್ಟೂ ನಡೆಯೋ ಹಕ್ಕು ಕೊಟ್ಟಿತು. ಹಾಗಂತ ಇಡೀ ದೇಶ ತೆರೆದುಬಿಡ್ತು ಅನ್ಕೋಬೇಡಿ. ಆ ಹಕ್ಕಿರೋದು ಇಂಗ್ಲೆಂಡಿನ ಸುಮಾರು 8% ನೆಲದಲ್ಲಿ. ಉಳಿದ ಕಡೆ ಬಾಣ ತೋರಿಸಿದ ದಾರಿಯೇ ಗತಿ.

ಕಾಗದದಲ್ಲಿಲ್ಲದ ದಾರಿ

ಈಗ ಮುಖ್ಯ ವಿಷಯ. ಒಮ್ಮೆ ಸಾರ್ವಜನಿಕ ಆದ ದಾರಿ, ಯಾರೂ ಬಳಸದಿದ್ರೂ ಸಾರ್ವಜನಿಕವೇ ಅನ್ನೋದು ಅಲ್ಲಿನ ಹಳೇ ನ್ಯಾಯ. ಆದ್ರೆ ಅದು ದಾರಿ ಅಂತ ತೋರಿಸೋಕೆ ಪುರಾವೆ ಬೇಕಲ್ಲ? ಅದಕ್ಕೇ 1949ರ ಕಾಯ್ದೆ ಪ್ರತಿ ಜಿಲ್ಲೆಯಲ್ಲೂ ದಾರಿಗಳ ಅಧಿಕೃತ ನಕ್ಷೆ ಮಾಡಿಸಿತು. ಅದರಲ್ಲಿದ್ರೆ ಕಾನೂನಿನ ಮುಂದೆ ಅದೇ ಕೊನೇ ಮಾತು. ಆದ್ರೆ ನಕ್ಷೆ ಮಾಡುವಾಗ ಎಷ್ಟೋ ದಾರಿ ಬಿಟ್ಟುಹೋದವು. ನಡೆಯೋರ ಸಂಘ ರ‍್ಯಾಂಬ್ಲರ್ಸ್‌ನ ಕಾರ್ಯಕರ್ತರು 2020ರಲ್ಲಿ ಹಳೇ ನಕ್ಷೆಗಳನ್ನ ಹೊಸದರ ಪಕ್ಕ ಇಟ್ಟು ನೋಡಿದಾಗ, ಹೀಗೆ ಕಾಣೆಯಾಗಿರಬಹುದಾದ ದಾರಿ 49,000 ಮೈಲಿ ಸಿಕ್ಕಿತು! ಹಳೇ ದಾರಿಗಳನ್ನ ಸೇರಿಸೋಕೆ 2026 ಕೊನೆ ಗಡುವು ಅಂತಿತ್ತು, ಅದು 2031ಕ್ಕೆ ಹೋಯ್ತು. 2024ರ ಡಿಸೆಂಬರ್‌ನಲ್ಲಿ ಸರ್ಕಾರ ಗಡುವನ್ನೇ ತೆಗೆದುಹಾಕ್ತೀವಿ ಅಂತ ಘೋಷಿಸಿತು.

ನೀವು ಹೋದ್ರೆ

ಶೆಫೀಲ್ಡ್, ಮ್ಯಾಂಚೆಸ್ಟರ್‌ನಲ್ಲಿ ಓದ್ತಿರೋ ನಮ್ಮ ಹುಡುಗ ಹುಡುಗಿಯರು ತುಂಬಾ ಜನ ಕೇಳ್ತೀರ, ನಿಮಗೇ ಇದು. ಮೊದಲ ಸಲ ಅಂದ್ರೆ ಹಾಲಿನ್ಸ್ ಕ್ರಾಸ್ ಹತ್ತಿ, ದಿಣ್ಣೆ ಮೇಲೇ 517 ಮೀಟರ್‌ನ ಮ್ಯಾಮ್ ಟಾರ್‌ಗೆ ಹೋಗಿ. ಸ್ವಲ್ಪ ಅಭ್ಯಾಸ ಇದ್ರೆ ಅಪ್ಪರ್ ಬೂತ್ ದಾಟಿ ಜೇಕಬ್ಸ್ ಲ್ಯಾಡರ್ ಕಲ್ಲುಮೆಟ್ಟಿಲು ಹತ್ತಿ. ಗ್ರಿಂಡ್ಸ್‌ಬ್ರುಕ್ ಕೊರಕಲಲ್ಲಿ ಕೊನೆಗೆ ಬಂಡೆ ಹಿಡಿದು ಹತ್ತಬೇಕು, ಒಬ್ಬರೇ ಹೋಗಬೇಡಿ. ಮೇಲೆ ಮಂಜು ಕವಿದ್ರೆ ದಿಕ್ಕು ತಪ್ಪುತ್ತೆ, ಫೋನ್ ಬ್ಯಾಟರಿ ನಂಬಬೇಡಿ, ಕಾಗದದ ನಕ್ಷೆ ಇಟ್ಕೊಳ್ಳಿ. ತೆರೆದ ಗೇಟ್ ತೆರೆದೇ ಇರಲಿ, ಮುಚ್ಚಿದ್ದನ್ನ ಮುಚ್ಚಿ. ಕರು ಜೊತೆ ಹಸು ಇದ್ರೆ ದೂರದಿಂದ ಸುತ್ತಿಕೊಂಡು ಹೋಗಿ.

ಕೊನೇದಾಗಿ ನನ್ನ ವಿಷಯ. ನಮ್ಮ ಅಜ್ಜಿ ಊರಲ್ಲಿ ಕೆರೆ ಏರಿಯಿಂದ ಶಾಲೆಗೆ ಒಂದು ಕಾಲುದಾರಿ ಇತ್ತು. ಅಮ್ಮ ಅದರಲ್ಲೇ ಓಡಾಡಿ ಓದಿದ್ದು. ಈಗ ಅಲ್ಲಿ ತಂತಿಬೇಲಿ ಇದೆ, ಮಕ್ಕಳು ಲಾರಿ ಓಡಾಡೋ ರಸ್ತೇಲಿ ಸುತ್ತಿ ಹೋಗ್ತಾರೆ. ನಮ್ಮ 1882ರ ಈಸ್ಮೆಂಟ್ಸ್ ಆಕ್ಟ್‌ನಲ್ಲೂ ಬಳಕೆಯಿಂದ ದಾರಿ ಹಕ್ಕು ಬರೋಕೆ ಹೇಳಿರೋದು ಅದೇ 20 ವರ್ಷ ಅಂತ ಈಡೇಲ್‌ನಿಂದ ಬಂದಮೇಲೆ ಓದಿದೆ. ಕಂದಾಯ ಇಲಾಖೆ ವೆಬ್‌ಸೈಟ್‌ನಲ್ಲಿ ಗ್ರಾಮ ನಕಾಶೆ ಸಿಗುತ್ತೆ, ಕಾಲುದಾರಿ, ಬಂಡಿದಾರಿ ಅದರಲ್ಲಿ ಗುರುತಾಗಿರುತ್ತೆ. ಅಜ್ಜಿ ಊರಿಂದು ಡೌನ್‌ಲೋಡ್ ಮಾಡಿಟ್ಟಿದೀನಿ. ಈ ಹಬ್ಬಕ್ಕೆ ಹೋದಾಗ ಅಮ್ಮನ್ನ ಕರ್ಕೊಂಡು ಆ ಗೆರೆ ಎಲ್ಲಿ ಹೋಗುತ್ತೆ ಅಂತ ನಡೆದು ನೋಡ್ಬೇಕು.

ನಿಮ್ಮ ಊರಿನದ್ದೂ ಒಮ್ಮೆ ತೆಗೆದು ನೋಡಿ. ಮುಂದಿನ ವಾರ ಸಿಗೋಣ.