ಕಾರಿನ ಹಾಡಿಗೆ ಶ್ರುತಿ

ಅಡಕೆಗೆ ಒಳ್ಳೆಯ ಧಾರಣೆ ಬಂದ ವರ್ಷ ಚನ್ನಗಿರಿಯ ಸುತ್ತಿನ ಊರುಗಳಲ್ಲಿ ಹೊಸ ಕಾರುಗಳು ಕಾಣಿಸಿಕೊಳ್ಳುತ್ತವೆ. ಕಾರು ಮನೆಗೆ ಬಂದು, ಪೂಜೆಯಾಗಿ, ಗಾಲಿಯ ಕೆಳಗಿಟ್ಟ ನಿಂಬೆಹಣ್ಣು ಅಪ್ಪಚ್ಚಿಯಾಗಿ ಇನ್ನೂ ತಿಂಗಳು ಕಳೆದಿರುವುದಿಲ್ಲ. ಮನೆಯ ತರುಣರ ಗಮನ ಅದರೊಳಗಿನ ಹಾಡಿನ ಸೆಟ್ಟಿನ ಕಡೆಗೆ ತಿರುಗುತ್ತದೆ. ಕಂಪೆನಿಯವರು ಕೂರಿಸಿಕೊಟ್ಟ ಸ್ಪೀಕರುಗಳು ಅವರ ಕಿವಿಗೆ ಸಪ್ಪೆ. ದಾವಣಗೆರೆಗೋ ಶಿವಮೊಗ್ಗಕ್ಕೋ ಹೋಗಿ, ಅಂಗಡಿಯ ಮುಂದೆ ಬೆಳಗಿನಿಂದ ಸಂಜೆಯ ತನಕ ಕಾದು, ಬಾಗಿಲುಗಳಿಗೆ ಹೊಸ ಸ್ಪೀಕರು, ಸೀಟಿನ ಕೆಳಗೆ ಆಂಪ್ಲಿಫೈಯರು, ಡಿಕ್ಕಿಯಲ್ಲಿ ಕುಂಬಳಕಾಯಿ ಗಾತ್ರದ ಸಬ್‌ವೂಫರು ಹಾಕಿಸಿಕೊಂಡು ವಿಜಯೋತ್ಸಾಹದಿಂದ ಹಿಂತಿರುಗುತ್ತಾರೆ. ಮರುದಿನ ಹಿಂದಿನ ಸೀಟಿನಲ್ಲಿ ಕುಳಿತ ಅಜ್ಜಿ ಮಾತ್ರ ಮುಖ ಕಿವಿಚಿ, “ಸಪ್ಳ ಬಾಳ ಜೋರೈತಪ್ಪಾ; ಹಾಡು ಏನಂತಾನೇ ತಿಳೀವಲ್ದು” ಎನ್ನುತ್ತಾಳೆ.

ಮುಪ್ಪಿನ ಕಿವಿಯ ದೂರೆಂದು ಇದನ್ನು ತಳ್ಳಿಹಾಕುವಂತಿಲ್ಲ. ಹೊನ್ನಾಳಿಯ ಹೊಳೆಯಂಚಿನಲ್ಲಿ, ನ್ಯಾಮತಿಯ ಪೇಟೆಬೀದಿಯಲ್ಲಿ, ಜಗಳೂರಿನ ಬಯಲಿನಲ್ಲಿ ಗಾಜು ನಡುಗಿಸುತ್ತ ಹಾದುಹೋಗುವ ಎಷ್ಟೋ ಕಾರುಗಳ ಕಥೆಯೂ ಇದೇ. ಹಣ ಖರ್ಚಾಗಿದೆ, ಶಬ್ದ ಬೆಳೆದಿದೆ, ಸಂಗೀತ ಮಾತ್ರ ಬಂದಿಲ್ಲ. ವೀಣೆಯನ್ನು ಕೊಂಡು ತಂದವನು ಬಿರಡೆಗಳನ್ನು ತಿರುಗಿಸಿ ಶ್ರುತಿಗೂಡಿಸದೆ ನುಡಿಸಲು ಕೂರುವುದುಂಟೆ? ಕಾರಿನ ಸೆಟ್ಟಿನ ವಿಷಯದಲ್ಲಿ ಮಾತ್ರ, ಕೂರಿಸಿದ ಕೂಡಲೆ ಕೆಲಸ ಮುಗಿಯಿತೆಂದು ಭಾವಿಸುವವರೇ ಬಹುಮಂದಿ. ನಿಜವಾಗಿ ಕೆಲಸ ಮೊದಲಾಗುವುದು ಆಗಲೇ.

ಓಡುವ ವಾಹನದಲ್ಲಿ ಹಾಡು ಕೇಳುವ ಆಸೆ ಹೊಸದೇನಲ್ಲ. ಅಮೆರಿಕೆಯ ಷಿಕಾಗೋದಲ್ಲಿ ಪಾಲ್ ಗ್ಯಾಲ್ವಿನ್ ಮತ್ತು ಜೋಸೆಫ್ ಗ್ಯಾಲ್ವಿನ್ ಎಂಬ ಸೋದರರು 1930ರಲ್ಲಿ ‘ಮೊಟೊರೋಲ’ ಎಂಬ ಹೆಸರಿನಿಂದ ಕಾರಿನ ರೇಡಿಯೋವನ್ನು ಮಾರಾಟಕ್ಕೆ ತಂದರು. ಇಂಜಿನ್ನಿನ ಕಿಡಿಯಿಂದ ಹುಟ್ಟುವ ಗರಗರ ಸದ್ದನ್ನು ಅಡಗಿಸುವುದೇ ಆಗ ದೊಡ್ಡ ಸಾಹಸವಾಗಿತ್ತು. ಆ ಗರಗರ ಇಂದು ಬಹುಮಟ್ಟಿಗೆ ಅಡಗಿದೆ. ಕಾರೆಂಬ ಪುಟ್ಟ ಕೋಣೆಯ ಸ್ವಭಾವ ಮಾತ್ರ ಬದಲಾಗಿಲ್ಲ.

ಸಂಗೀತ ಕೇಳುವುದಕ್ಕೆ ಇದಕ್ಕಿಂತ ಕೆಟ್ಟ ಕೋಣೆಯನ್ನು ಬೇಕೆಂದರೂ ಕಟ್ಟಲಾಗದು. ಕಚೇರಿಯಲ್ಲಿ ಕೇಳುವವನು ಸಭೆಯ ನಡುವೆ ಕೂರುತ್ತಾನೆ. ಕಾರಿನಲ್ಲಿ ನಡುವೆ ಕೂರುವುದು ಗೇರಿನ ಕೋಲು. ಸುತ್ತಲಿನ ಗಾಜು ಏರುದನಿಗಳನ್ನು ಕಿವಿಗೆ ಹಿಂದಿರುಗಿಸಿ ಎಸೆಯುತ್ತದೆ. ಮೆತ್ತೆಯ ಸೀಟು ಅದೇ ದನಿಗಳನ್ನು ನುಂಗುತ್ತದೆ. ಸ್ಪೀಕರುಗಳಿರುವುದು ಮೊಣಕಾಲಿನ ಬಳಿ. ಇದು ಸಾಲದೆಂಬಂತೆ ಸುಮಾರು 60 ಹರ್ಟ್ಸ್‌ಗಿಂತ ಕೆಳಗಿನ ಮಂದ್ರ ನಾದವನ್ನು ಮುಚ್ಚಿದ ಕಾರು ತಾನಾಗಿಯೇ ಹಿಗ್ಗಿಸುತ್ತದೆ. ಅಂಗಡಿಯ ಹಲಗೆಯ ಮೇಲೆ ಹಿತವಾಗಿದ್ದ ಸಬ್‌ವೂಫರು ಕಾರಿನೊಳಗೆ ಬಂದು ಹಾಡನ್ನೆಲ್ಲ ನುಂಗುವುದಕ್ಕೆ ಇದೂ ಒಂದು ಕಾರಣ.

ಮೊದಲು ವ್ಯಾಟಿನ ವ್ಯಾಮೋಹವನ್ನು ಬಿಡಬೇಕು. ಪೆಟ್ಟಿಗೆಯ ಮೇಲೆ ಸಾವಿರ ವ್ಯಾಟು ಎಂದು ದಪ್ಪಕ್ಷರದಲ್ಲಿ ಅಚ್ಚಾಗಿದ್ದರೆ ಅದು ಸಾಮಾನ್ಯವಾಗಿ ಕ್ಷಣಮಾತ್ರದ ಉಬ್ಬರದ ಲೆಕ್ಕ. ಸತತವಾಗಿ ಕೊಡಬಲ್ಲ ಶಕ್ತಿ, ಅಂದರೆ ‘ಆರ್.ಎಂ.ಎಸ್.’ ಎಂದು ಸಣ್ಣಕ್ಷರದಲ್ಲಿರುವುದೇ ನಂಬಬೇಕಾದ ಅಂಕಿ. ಅದನ್ನೂ ಇಮ್ಮಡಿಗೊಳಿಸಿದರೆ ಹೆಚ್ಚುವುದು ಬರಿಯ 3 ಡೆಸಿಬೆಲ್. ಕಿವಿಗೆ ಅದು ಒಂದಿಷ್ಟು ಏರಿದಂತೆ ತೋರುತ್ತದೆ, ಅಷ್ಟೆ. ದನಿ ಎರಡು ಪಟ್ಟಾದಂತೆ ಕೇಳಿಸಬೇಕಾದರೆ ಸುಮಾರು ಹತ್ತು ಪಟ್ಟು ಶಕ್ತಿ ಬೇಕು. 50 ವ್ಯಾಟಿನ ಜಾಗದಲ್ಲಿ 100 ವ್ಯಾಟು ಕೊಂಡವನು ಹಣವನ್ನು ಇಮ್ಮಡಿಗೊಳಿಸಿಕೊಂಡನೇ ಹೊರತು ಹಾಡನ್ನಲ್ಲ.

ಆ ಹಣದಲ್ಲಿ ಅಲ್ಪಭಾಗವನ್ನು ಬಾಗಿಲಿಗೆ ಖರ್ಚು ಮಾಡಿದರೆ ಫಲ ಬೇರೆಯೇ. ಕಾರಿನ ಬಾಗಿಲು ಎಂದರೆ ತೆಳುವಾದ ತಗಡು. ಸ್ಪೀಕರು ನುಡಿದಾಗಲೆಲ್ಲ ಅದೂ ಡಬ್ಬದಂತೆ ನುಡಿಯುತ್ತದೆ. ಮೃದಂಗದ ವಿದ್ವಾಂಸರು ಕಚೇರಿಗೆ ಮುನ್ನ ಎಡಮುಖದ ಚರ್ಮಕ್ಕೆ ರವೆಯ ಕಣಕವನ್ನು ಮೆತ್ತುವುದನ್ನು ವಾಚಕರು ನೋಡಿರಬಹುದು. ಭಾರ ಕೂಡಿದೊಡನೆ ಚರ್ಮದ ಕಂಪನ ತಗ್ಗಿ, ನಾದ ಗಂಭೀರವಾಗುತ್ತದೆ. ತಗಡಿನ ಒಳಮೈಗೆ ಅಂಟಿಸುವ ಬ್ಯುಟೈಲ್ ರಬ್ಬರಿನ ಡ್ಯಾಂಪಿಂಗ್ ಶೀಟು ಮಾಡುವುದೂ ಇಂಥ ಕೆಲಸವನ್ನೇ. ಬಾಗಿಲನ್ನು ಪೂರ್ತಿ ಹೊದಿಸಬೇಕಾಗಿಲ್ಲ. ಬೆರಳಿನಿಂದ ತಟ್ಟಿ, ಎಲ್ಲಿ ಡಣಡಣ ಎನ್ನುವುದೋ ಅಲ್ಲಿ, ಕಾಲುಭಾಗದಷ್ಟು ಅಂಟಿಸಿದರೂ ತಗಡು ಮೌನ ತಾಳುತ್ತದೆ. ಆದರೆ ಬಾಗಿಲಿನ ತಳದಲ್ಲಿರುವ ನೀರಿಳಿಯುವ ತೂತುಗಳನ್ನು ಮುಚ್ಚಕೂಡದು. ಮಳೆಯ ನೀರು ಗಾಜಿನ ಸಂದಿಯಿಂದ ಒಳಗಿಳಿಯುತ್ತದೆ. ಹೊರಗೆ ಹೋಗಲು ದಾರಿಯಿಲ್ಲದಿದ್ದರೆ ಎರಡು ಮಳೆಗಾಲದಲ್ಲಿ ತಗಡು ತುಕ್ಕು ಹಿಡಿಯುತ್ತದೆ. ಇನ್ನು ಬಾಗಿಲಿನ ಒಳತಗಡಿನಲ್ಲಿರುವ ದೊಡ್ಡ ಕಂಡಿಗಳ ಮಾತೇ ಬೇರೆ, ಅವುಗಳನ್ನು ಮುಚ್ಚಲೇಬೇಕು. ಸ್ಪೀಕರಿನ ಹಿಂಬದಿಯಿಂದ ಹೊಮ್ಮುವ ಅಲೆ ಆ ಕಂಡಿಗಳ ಮೂಲಕ ಮುಂದಕ್ಕೆ ಬಂದರೆ ಮುಂಬದಿಯ ಅಲೆಯನ್ನು ಕೊಲ್ಲುತ್ತದೆ; ಬೇಸ್ ಬಡವಾಗುವುದು ಹೀಗೆ.

ಬೇಸ್ ಬಡವಾಗಲು ಇನ್ನೊಂದು ಕಾರಣವುಂಟು, ತಂತಿಗಳ ಅದಲುಬದಲು. ಎಡಗಡೆಯ ಸ್ಪೀಕರು ಮುಂದಕ್ಕೆ ತಳ್ಳುವಾಗ ಬಲಗಡೆಯದು ಹಿಂದಕ್ಕೆ ಸೆಳೆದರೆ ಎರಡರ ಮಂದ್ರ ನಾದವೂ ನಡುವಿನಲ್ಲಿ ಸತ್ತುಹೋಗುತ್ತದೆ. ಪರೀಕ್ಷೆಗೆ ಗೋಡೆ ಗಡಿಯಾರದ 1.5 ವೋಲ್ಟಿನ ಸೆಲ್ಲು ಸಾಕು. ಆಂಪ್ಲಿಫೈಯರಿನಿಂದ ತಂತಿಯನ್ನು ಬಿಡಿಸಿ, ಸೆಲ್ಲಿನ ಪ್ಲಸ್ಸನ್ನು ತಂತಿಯ ಪ್ಲಸ್ಸಿಗೆ ಕ್ಷಣಕಾಲ ಮುಟ್ಟಿಸಿದರೆ ಸ್ಪೀಕರಿನ ಶಂಕು ಮುಂದಕ್ಕೆ ಬರಬೇಕು. ಹಿಂದಕ್ಕೆ ಹೋದರೆ ತಂತಿ ತಿರುಗಾಮುರುಗಾ ಆಗಿದೆ. ನಾಜೂಕಾದ ಟ್ವೀಟರಿನ ಮೇಲೆ ಮಾತ್ರ ಈ ಪ್ರಯೋಗ ಬೇಡ.

ಬ್ಯಾಟರಿಯಿಂದ ಆಂಪ್ಲಿಫೈಯರಿಗೆ ಹೋಗುವ ತಂತಿಯ ವಿಷಯದಲ್ಲಿ ಉಳಿತಾಯವೂ ಸಲ್ಲದು, ಉದಾಸೀನವೂ ಸಲ್ಲದು. ಬ್ಯಾಟರಿಯ ಸಮೀಪದಲ್ಲಿಯೇ ಫ್ಯೂಸು ಇರಲೇಬೇಕು. ಇಲ್ಲವಾದರೆ ತಗಡಿನಂಚಿಗೆ ಉಜ್ಜಿ ತೊಗಲು ಸುಲಿದ ತಂತಿಯೊಂದೇ ಕಾರಿಗೆ ಬೆಂಕಿಯಿಡಬಲ್ಲುದು. ಒಳಗೆ ಕುಳಿತಿರುವವರು ಮನೆಮಂದಿ. ಇಂಜಿನ್ನಿನ ವೇಗಕ್ಕೆ ತಕ್ಕಂತೆ ಏರಿಳಿಯುವ ಕುಯ್ಯೆಂಬ ಸಿಳ್ಳು ಹಾಡಿನೊಡನೆ ಸೇರಿಬಂದರೆ ಹೆಚ್ಚಿನ ವೇಳೆ ತಪ್ಪಿರುವುದು ಅರ್ತಿಂಗಿನಲ್ಲಿ. ಬಣ್ಣ ಕೆರೆದ ಬರಿ ತಗಡಿಗೆ ಬಿಗಿಯಾಗಿ ಕಚ್ಚಿಸಿದರೆ ಅದು ತಣಿಯುತ್ತದೆ.

ಇನ್ನು ಗೇನ್ ಎಂಬ ತಿರುಪು. ಇದನ್ನು ದನಿ ಹೆಚ್ಚಿಸುವ ಗುಂಡಿಯೆಂದು ತಿಳಿದು ಪೂರ್ತಿ ತಿರುಗಿಸಿಡುವುದರಿಂದ ಸುಟ್ಟುಹೋದ ಟ್ವೀಟರುಗಳಿಗೆ ಲೆಕ್ಕವಿಲ್ಲ. ಸೆಟ್ಟು ಕಳುಹಿಸುವ ಸಂಕೇತಕ್ಕೂ ಆಂಪ್ಲಿಫೈಯರಿನ ಶಕ್ತಿಗೂ ಹೊಂದಿಕೆ ಮಾಡುವುದಷ್ಟೆ ಅದರ ಕೆಲಸ. ಸೆಟ್ಟಿನ ದನಿಯನ್ನು ಮುಕ್ಕಾಲಿಗೆ ಇರಿಸಿ, ಪರಿಚಿತವಾದ ಹಾಡೊಂದನ್ನು ಹಾಕಿ, ಗೇನನ್ನು ಮೆಲ್ಲಮೆಲ್ಲನೆ ಏರಿಸುತ್ತ ಹೋಗಿ, ದನಿ ಒಡೆದಂತೆ ಕೇಳಿಸಿದೊಡನೆ ತುಸು ಹಿಂದಕ್ಕೆ ತರಬೇಕು. ಮುಂದೆ ಅದನ್ನು ಮುಟ್ಟುವ ಅಗತ್ಯವಿಲ್ಲ. ಕ್ರಾಸ್‌ಓವರಿನ ಲೆಕ್ಕವೂ ಸರಳವೇ: ಬಾಗಿಲಿನ ಸ್ಪೀಕರುಗಳಿಗೆ 80 ಹರ್ಟ್ಸ್‌ಗಿಂತ ಮೇಲಿನ ನಾದ, ಸಬ್‌ವೂಫರಿಗೆ ಅದಕ್ಕಿಂತ ಕೆಳಗಿನದು. ಹೊರೆ ಹಂಚಿಕೊಂಡರೆ ಇಬ್ಬರೂ ಸುಖಿಗಳು.

ನಿಜವಾದ ಚಮತ್ಕಾರ ಇರುವುದು ಕಾಲದ ಹೊಂದಾಣಿಕೆಯಲ್ಲಿ. ಚಾಲಕನ ಕಿವಿಗೂ ಬಲಬಾಗಿಲಿನ ಸ್ಪೀಕರಿಗೂ ನಡುವೆ 90 ಸೆಂಟಿಮೀಟರ್ ಅಂತರವಿದ್ದು, ಎಡಬಾಗಿಲಿನದಕ್ಕೆ 140 ಇದೆಯೆಂದು ಇಟ್ಟುಕೊಳ್ಳೋಣ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರಿನಂತೆ ಸಾಗುವುದರಿಂದ ಎಡಗಡೆಯ ದನಿ ಒಂದೂವರೆ ಮಿಲಿಸೆಕೆಂಡು ತಡವಾಗಿ ಬರುತ್ತದೆ. ಇಷ್ಟು ಅಲ್ಪಕಾಲವೂ ಕಿವಿಗೆ ಗೊತ್ತಾಗುತ್ತದೆಯೆ ಎಂದು ಕೇಳಬಹುದು. ಮೊದಲು ತಲುಪಿದ ದನಿಯ ದಿಕ್ಕನ್ನೇ ಕಿವಿ ಹಿಡಿಯುತ್ತದೆಂಬುದನ್ನು ಜರ್ಮನಿಯ ಹೆಲ್ಮುಟ್ ಹಾಸ್ 1949ರ ತಮ್ಮ ಸಂಶೋಧನ ಪ್ರಬಂಧದಲ್ಲಿ ವಿವರವಾಗಿ ತೋರಿಸಿದರು. ಆದಕಾರಣವೇ ಗಾಯಕ ಬಲಬಾಗಿಲಿಗೆ ಒರಗಿಕೊಂಡು ಹಾಡುತ್ತಿರುವಂತೆ ಚಾಲಕನಿಗೆ ತೋರುವುದು. ಈಗಿನ ಒಳ್ಳೆಯ ಸೆಟ್ಟುಗಳಲ್ಲಿ ಸಮೀಪದ ಸ್ಪೀಕರನ್ನು ಬೇಕಾದಷ್ಟು ತಡಮಾಡಿಸುವ ಸೌಕರ್ಯವಿದೆ. ಬಟ್ಟೆಯಂಗಡಿಯ ಟೇಪಿನಿಂದ ಅಳೆದು ಅಂಕಿಗಳನ್ನು ತುಂಬಿದರೆ ಸಾಕು, ಗಾಯಕ ಎದ್ದುಬಂದು ಡ್ಯಾಷ್‌ಬೋರ್ಡಿನ ನಡುವೆ ನಿಲ್ಲುತ್ತಾನೆ.

ಸರಿಯಾಗಿ ನಿಂತನೆ ಎಂದು ಪರೀಕ್ಷಿಸಲು ಹೊಸ ಹಾಡಿಗಿಂತ ಹಳೆಯದೇ ಮೇಲು. ‘ಬೇಡರ ಕಣ್ಣಪ್ಪ’ (1954) ತೆರೆಗೆ ಬಂದ ಕಾಲದ ಕನ್ನಡ ಚಿತ್ರಗೀತೆಗಳು ಎಡ ಬಲ ಎಂಬ ಭೇದವಿಲ್ಲದೆ ಒಂದೇ ದನಿಪಥದಲ್ಲಿ ಮುದ್ರಿತವಾದವು. ಎರಡು ಸ್ಪೀಕರಿಗೂ ಹೋಗುವುದು ಒಂದೇ ದನಿಯಾದ್ದರಿಂದ ಅದು ಕರಾರುವಾಕ್ಕಾಗಿ ನಡುವಿನಲ್ಲಿಯೇ ಕೇಳಿಸಬೇಕು. ಅಜ್ಜಿಯ ಕಾಲದ ಹಾಡು ಮೊಮ್ಮಗನ ಯಂತ್ರಕ್ಕೆ ಒರೆಗಲ್ಲಾಗುವುದು ಹೀಗೆ.

ಇಲ್ಲಿ ಒಂದು ಸಂಸಾರದ ತೊಡಕು ಹುಟ್ಟುತ್ತದೆ. ಚಾಲಕನಿಗೆ ಹೊಂದಿಸಿದ ಕಾಲ ಪಕ್ಕದಲ್ಲಿ ಕುಳಿತ ಹೆಂಡತಿಗೆ ಹೊಂದುವುದಿಲ್ಲ. ಅವಳಿಗೆ ಹಾಡೆಲ್ಲ ಎಡಬಾಗಿಲಿನಿಂದಲೇ, ಮೊದಲಿಗಿಂತಲೂ ಓರೆಯಾಗಿ, ಕೇಳಿಸುತ್ತದೆ. ಹಿಂದೆ ಕುಳಿತ ತಂದೆತಾಯಿಗಳ ಪಾಡಂತೂ ಬೇರೆ. ಸ್ಪರ್ಧೆಗೆ ಕಾರು ಸಜ್ಜುಗೊಳಿಸುವವರಿಗೆ ಚಾಲಕನ ಸೀಟೊಂದೇ ಪ್ರಪಂಚ. ಐದು ಮಂದಿ ಕೂರುವ ಮನೆಯ ಕಾರಿಗೆ ಆ ನ್ಯಾಯ ಒಪ್ಪುವುದಿಲ್ಲ. ಎರಡು ಹೊಂದಾಣಿಕೆಗಳನ್ನು ನೆನಪಿಡುವ ಸೌಲಭ್ಯ ಸೆಟ್ಟಿನಲ್ಲಿದ್ದರೆ ಒಂಟಿ ಪ್ರಯಾಣಕ್ಕೆ ಒಂದು, ಸಂಸಾರಕ್ಕೆ ಒಂದು ಎಂದು ಇಟ್ಟುಕೊಳ್ಳಬೇಕು. ಸಂಸಾರದ ಹೊಂದಾಣಿಕೆಯಲ್ಲಿ ತಡಮಾಡಿಸುವುದನ್ನು ಕೈಬಿಟ್ಟು, ಹಿಂದಿನ ಸ್ಪೀಕರುಗಳು ಮಾತು ತಿಳಿಯುವಷ್ಟು ಮಾತ್ರ ನುಡಿಯುವಂತೆ ಮಾಡುವುದು ಲೇಸು.

ಈಕ್ವಲೈಜರಿನ ಸರದಿ ಬರುವುದು ಎಲ್ಲಕ್ಕೂ ಕೊನೆಗೆ. ಕಡಿಮೆ ಇರುವುದನ್ನು ಏರಿಸುವುದಕ್ಕಿಂತ ಹೆಚ್ಚಾಗಿರುವುದನ್ನು ಇಳಿಸುವುದು ಅಲ್ಲಿಯ ಜಾಣತನ. ಎಷ್ಟು ಇಳಿಸಬೇಕೆಂಬುದಕ್ಕೆ ಕನ್ನಡ ವರ್ಣಮಾಲೆಗಿಂತ ಒಳ್ಳೆಯ ಅಳತೆಗೋಲಿಲ್ಲ. ‘ಸ’ಕಾರದ ಉಸಿರು ಹೆಚ್ಚಾಗಿ 5,000 ಹರ್ಟ್ಸ್‌ನ ಮೇಲೆ, ‘ಶ’ಕಾರದ್ದು ಅದಕ್ಕಿಂತ ಕೆಳಗೆ ಸೇರಿಕೊಂಡಿರುತ್ತದೆ. ವಾರ್ತೆ ಓದುವವರ ದನಿಯಲ್ಲಿ ಇವೆರಡೂ ಬೇರೆಬೇರೆಯಾಗಿ ಕೇಳಿಸಿದರೆ ಮೇಲಿನ ಸ್ತರ ಸರಿಯಾಗಿದೆ. ಸಕಾರ ಸೂಜಿಯಂತೆ ಚುಚ್ಚಿದರೆ ಅದು ಮಿತಿಮೀರಿದೆ; ಎರಡೂ ಒಂದೇ ಆದರೆ ಸಾಲದಾಗಿದೆ. ಭದ್ರಾವತಿ ಆಕಾಶವಾಣಿಯನ್ನು ಕೇಳುತ್ತ ಬೆಳೆದ ಈ ಸೀಮೆಯ ಹಿರಿಯರಿಗೆ ಈ ವ್ಯತ್ಯಾಸವನ್ನು ಯಾರೂ ಕಲಿಸಬೇಕಾಗಿಲ್ಲ. ನಡುವಿನ ಸ್ತರಕ್ಕೆ ಗಂಗೂಬಾಯಿ ಹಾನಗಲ್ಲರ ಕಂಠವಿದೆ. ಆ ಘನವಾದ ದನಿ ಕೊಡದೊಳಗಿಂದ ಬಂದಂತೆ ಮೊಳಗಿದರೆ 200 ಹರ್ಟ್ಸ್‌ನ ಆಸುಪಾಸಿನಲ್ಲಿ ಇಳಿಸಬೇಕು. ಇದನ್ನೆಲ್ಲ ನಿತ್ಯ ಕೇಳುವ ಮಟ್ಟದಲ್ಲಿಯೇ ಮಾಡಬೇಕು. ದನಿ ತಗ್ಗಿದಷ್ಟೂ ಕಿವಿ ಮಂದ್ರವನ್ನು ಹೆಚ್ಚಾಗಿ ಕಳೆದುಕೊಳ್ಳುತ್ತದೆಂದು ಅಮೆರಿಕೆಯ ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿಯೇ ಅಳೆದು ತೋರಿಸಿದ್ದಾರೆ.

ನಿಂತ ಕಾರಿನಲ್ಲಿ ಪಡೆದ ಈ ಸಿದ್ಧಿ ಓಡುವ ಕಾರಿನಲ್ಲಿ ಅರ್ಧ ಕರಗುತ್ತದೆ. ಶಾಂತಿಸಾಗರದ ದಡದಲ್ಲಿ ಇಂಜಿನ್ ನಿಲ್ಲಿಸಿ ಕೇಳಿದಾಗ ತಂಬೂರಿಯ ಒಂದೊಂದು ಮೀಟೂ ಬಿಡಿಬಿಡಿಯಾಗಿ ಕೇಳಿಸಿದ್ದು, ಹೊನ್ನಾಳಿಯ ಕಡೆಗೆ ಹೊರಟು ಒರಟು ಡಾಂಬರಿನ ಮೇಲೆ ಗಾಲಿಗಳ ಗುಮ್ಮೆಂಬ ಸದ್ದು ಎದ್ದೊಡನೆ ಅದರಲ್ಲಿ ಮುಳುಗಿಹೋಗುತ್ತದೆ. ಗಾಲಿಯ ಸದ್ದು ನುಂಗುವುದು ಮುಖ್ಯವಾಗಿ ಕೆಳಗಿನ ಸ್ವರಗಳನ್ನು. ಆದುದರಿಂದ ಪ್ರಯಾಣದ ಹೊಂದಾಣಿಕೆಯಲ್ಲಿ ಬೇಸನ್ನು ಎರಡು ಮೂರು ಡೆಸಿಬೆಲ್ ಮೇಲಿಡುವುದು ತಪ್ಪಲ್ಲ. ನ್ಯಾಮತಿಯ ಸಂತೆಯ ನಡುವೆ ನಿಧಾನವಾಗಿ ಸಾಗುವಾಗ ಅದೇ ಬೇಸು ಅತಿಯಾಗಿ ತೋರಿದರೆ ಆಶ್ಚರ್ಯವಿಲ್ಲ. ದಾವಣಗೆರೆಯನ್ನು ದಾಟಿ ಜಗಳೂರಿನ ಬಯಲು ಹಿಡಿದಾಗ ಗಾಜಿನಂಚಿನಲ್ಲಿ ಗಾಳಿಯ ಸುಯ್ಲು ಸೇರುತ್ತದೆ. ಕಿಟಕಿಯ ರಬ್ಬರು ಸವೆದಿದ್ದರೆ ಧೂಳಿನೊಡನೆ ಆ ಸುಯ್ಲೂ ಒಳಗೆ ನುಗ್ಗುತ್ತದೆ. ಹೊಸ ಆಂಪ್ಲಿಫೈಯರಿಗೆ ಮುನ್ನ ಹೊಸ ರಬ್ಬರನ್ನು ಹಾಕಿಸಿದವನು ಬುದ್ಧಿವಂತ.

ಸದ್ದಿನ ಮೇಲೆ ಸದ್ದು ಹೇರಿ ಗೆಲ್ಲಲು ಹೊರಟರೆ ಸೋಲುವುದು ಕಿವಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬೆಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ ಕೇಳಿದರೆ ಅಪಾಯವಿಲ್ಲ. 90ಕ್ಕೆ ಏರಿದರೆ ಆ ಅವಧಿ 4 ಗಂಟೆಗೆ ಇಳಿಯುತ್ತದೆ. 100 ಆದರೆ ವಾರಕ್ಕೆ ಬರಿಯ 20 ನಿಮಿಷ. ಚನ್ನಗಿರಿಯಿಂದ ಜಗಳೂರಿಗೆ ಒಂದು ಸಲ ಹೋಗುವಷ್ಟರಲ್ಲಿಯೇ ಈ ಕೊನೆಯ ಲೆಕ್ಕ ಮೀರಿಹೋಗಿರುತ್ತದೆ. ಹಿಂದಿನ ಸೀಟಿನ ಮಕ್ಕಳು ಡಿಕ್ಕಿಯ ಪೆಟ್ಟಿಗೆಗೆ ತೀರ ಹತ್ತಿರ ಕುಳಿತಿರುತ್ತಾರೆಂಬುದನ್ನು ತರುಣ ತಂದೆಯರು ಮರೆಯುತ್ತಾರೆ. ಕಳೆದುಹೋದ ಶ್ರವಣಶಕ್ತಿ ಔಷಧಿಯಿಂದ ಮರಳುವುದಿಲ್ಲ. ಹಿಂದಿನಿಂದ ಬರುವ ಬಸ್ಸಿನ ಹಾರನ್ನು ಕೇಳಿಸದಷ್ಟು ಹಾಡು ಜೋರಾಗಿದ್ದರೆ ಆಗುವ ಅನಾಹುತವನ್ನಂತೂ ವಿವರಿಸಬೇಕಾಗಿಲ್ಲ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ ಕೊಂಡಕುರಿಗಳಿಗೆಂದು ಮೀಸಲಾದ ಅಭಯಾರಣ್ಯವಿದೆ. ನಾಲ್ಕು ಕೊಂಬಿನ ಆ ಸಂಕೋಚದ ಪ್ರಾಣಿಗಳ ನೆರೆಯಲ್ಲಿ ಗಾಜಿಳಿಸಿ ಸಬ್‌ವೂಫರು ಗುದ್ದಿಸುತ್ತ ಹೋಗುವವರಿಗೆ ಏನೆನ್ನಬೇಕೋ!

ಕಡೆಯದಾಗಿ ಒಂದು ಸಣ್ಣ ಕೆಲಸ. ಗೇನು ಎಲ್ಲಿ ನಿಂತಿದೆ, ಕ್ರಾಸ್‌ಓವರಿನ ಹರ್ಟ್ಸ್ ಎಷ್ಟು, ಯಾವ ಸ್ಪೀಕರಿಗೆ ಎಷ್ಟು ತಡ, ಈಕ್ವಲೈಜರಿನ ಯಾವ ಗೆರೆ ಎಷ್ಟು ಕೆಳಗೆ, ಇವನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಗಾಡಿಯ ಕಾಗದಪತ್ರಗಳೊಡನೆ ಇಡಬೇಕು. ಬ್ಯಾಟರಿ ಬದಲಿಸುವಾಗ ತಂತಿ ಕಳಚಿದರೆ ಅನೇಕ ಸೆಟ್ಟುಗಳು ಎಲ್ಲವನ್ನೂ ಮರೆತುಬಿಡುತ್ತವೆ. ಚೀಟಿಯಿದ್ದರೆ ಹತ್ತು ನಿಮಿಷದಲ್ಲಿ ಹಾಡು ಮತ್ತೆ ತನ್ನ ಜಾಗಕ್ಕೆ ಬಂದು ನಿಲ್ಲುತ್ತದೆ.