ಹೊಳೆದಂಡೆಯ ಮರ, ಹೊನೊಲುಲುವಿನ ಸೂಜಿಮದ್ದು

ಪಶ್ಚಿಮಘಟ್ಟದ ಹೊಳೆದಂಡೆಗಳಲ್ಲಿ ವರ್ಷವಿಡೀ ಹಸಿರಾಗಿ ನಿಲ್ಲುವ ಮರ ಗರುಡಫಲ. ಕೆಲವು ಕಡೆ ಇದಕ್ಕೆ ಸುರಂಟಿ ಎಂದೂ ಹೆಸರಿದೆ. ಕಾಯಿ ಬೇಲದ ಹಣ್ಣಿನಂತೆ ದುಂಡಗೆ, ಸಿಪ್ಪೆ ಕಂದು ಬಣ್ಣದ್ದು, ಬಲು ಗಟ್ಟಿ. ಒಡೆದರೆ ತಿರುಳಿನೊಳಗೆ ಮೂಲೆಮೂಲೆಯಾದ ಬೀಜಗಳು ಒತ್ತೊತ್ತಾಗಿ ಕೂತಿರುತ್ತವೆ. ಕಾಯಿ ಜಜ್ಜಿ ಹೊಳೆಗುಂಡಿಗೆ ಹಾಕಿದರೆ ಮೀನು ಅಮಲೇರಿ ತೇಲುತ್ತವೆ. ಕೇರಳದವರಿಗೆ ಇದು ಮರೋಟ್ಟಿ. ಅಲ್ಲಿ ಕಾಯಿಯ ಅರ್ಧ ಚಿಪ್ಪೇ ಹಣತೆ, ಅದರ ಬೀಜದ್ದೇ ಎಣ್ಣೆ. ಒಂದು ಕಾಲಕ್ಕೆ ಇದೇ ಎಣ್ಣೆ, ಇದರ ದಾಯಾದಿ ಮರಗಳ ಎಣ್ಣೆಯೊಂದಿಗೆ, ಕುಷ್ಠರೋಗದ ಆಸ್ಪತ್ರೆಗಳ ಮುಖ್ಯ ಭರವಸೆಯಾಗಿತ್ತು.

ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ‘ತುವರಕ’ದ ಮಾತು ಬರುತ್ತದೆ. ಪಡುವಣ ಕಡಲ ತೀರದ ಮರ ಎಂದು ಸಂಹಿತೆ ಅದರ ಊರನ್ನೂ ಹೇಳಿಬಿಡುತ್ತದೆ. ಅದು ಗರುಡಫಲವೇ ಎಂಬುದು ವೈದ್ಯರಲ್ಲಿ ಸಾಮಾನ್ಯವಾಗಿ ಒಪ್ಪಿತ. ಎಣ್ಣೆ ತೆಗೆಯುವ ಕ್ರಮವನ್ನಂತೂ ಬಿಡಿಸಿ ಬಿಡಿಸಿ ಹೇಳಿದೆ. ಮಳೆಗಾಲ ಹತ್ತಿರವಾದಾಗ ಮಾಗಿದ ಕಾಯಿ ತರಬೇಕು. ಬೀಜ ಬಿಡಿಸಿ, ಒಣಗಿಸಿ, ಕುಟ್ಟಬೇಕು. ಎಳ್ಳಿನ ಹಾಗೆ ಹಿಂಡಬಹುದು, ಇಲ್ಲವೇ ಕುಸುಬೆಯ ಹಾಗೆ ಸೋರಿಸಬಹುದು. ಬಂದ ಎಣ್ಣೆಯನ್ನು ನೀರಿನ ಪಸೆ ಪೂರ್ತಿ ಆರುವ ತನಕ ಕಾಯಿಸಿ, ಹದಿನೈದು ದಿನ ಒಣಸಗಣಿಯಲ್ಲಿ ಹುಗಿದಿಡಬೇಕು. ಕುಡಿದವನಿಗೆ ವಾಂತಿ, ಭೇದಿ ಎರಡೂ ಆಗುತ್ತವೆ. ಸಂಜೆಗೆ ಉಪ್ಪು, ಜಿಡ್ಡು ಹಾಕದ ತಣ್ಣನೆಯ ಗಂಜಿ ಕೊಡಿ ಎಂಬ ಸೂಚನೆಯೂ ಇದೆ. ನೀರಿನ ಪಸೆಯ ಬಗ್ಗೆ ಇಷ್ಟು ಎಚ್ಚರ ಹೇಳಿದವನು ಎಣ್ಣೆ ಕಾಯಿಸುವ ಒಲೆಯ ಮುಂದೆ ಕೂತು ನೋಡಿದವನೇ ಇರಬೇಕು. ಪಸೆ ಉಳಿದ ಎಣ್ಣೆ ಬೇಗನೆ ಕಮಟು ಹಿಡಿಯುತ್ತದೆ.

ಪಾಶ್ಚಾತ್ಯ ವೈದ್ಯರ ಗಮನ ಹರಿದದ್ದು ಮಾತ್ರ ನಮ್ಮ ಮರದ ಕಡೆಗಲ್ಲ. ಕಲ್ಕತ್ತೆಯ ವೈದ್ಯಕೀಯ ಕಾಲೇಜಿನಲ್ಲಿದ್ದ ಫ್ರೆಡರಿಕ್ ಮೌಟ್ 1854ರಲ್ಲಿ ಬರೆದದ್ದು ಅಲ್ಲಿನ ಬಜಾರಿನಲ್ಲಿ ಸಿಗುತ್ತಿದ್ದ ಚಾಲ್ಮುಗ್ರ ಎಂಬ ಬೀಜದ ಬಗ್ಗೆ. ಅದರ ಹಿಂದೆ ಬರ್ಮಾದ ಒಂದು ಕಥೆಯೂ ಇದೆ: ಕುಷ್ಠ ತಗಲಿ ಕಾಡು ಸೇರಿದ ಕಾಶಿಯ ರಾಮನೆಂಬ ರಾಜ ‘ಕಲಾವ್’ ಮರದ ಹಣ್ಣು ತಿಂದು ಗುಣವಾದನಂತೆ. ಬಜಾರಿನ ಬೀಜ ಯಾವ ಮರದ್ದು ಎಂಬುದರಲ್ಲಿ ಸಸ್ಯಶಾಸ್ತ್ರಜ್ಞರು ದಶಕಗಟ್ಟಲೆ ಎಡವಿದರು, ಬೇರೊಂದು ಮರದ ಲೆಕ್ಕಕ್ಕೆ ಬರೆದುಕೊಂಡಿದ್ದರು. ಕೊನೆಗೆ ಅದು ಬರ್ಮಾ, ಅಸ್ಸಾಂ, ಚಿತ್ತಗಾಂಗ್ ಕಾಡುಗಳಲ್ಲಿರುವ, ಗರುಡಫಲದ್ದೇ ಕುಲದ ಮರವೆಂದು ಇತ್ಯರ್ಥವಾಯಿತು. 1904ರ ಹೊತ್ತಿಗೆ ಲಂಡನ್ನಿನಲ್ಲಿ ಫ್ರೆಡರಿಕ್ ಪವರ್ ಆ ಎಣ್ಣೆಯ ವಿಶಿಷ್ಟ ಆಮ್ಲಗಳನ್ನು ಬೇರ್ಪಡಿಸಿದ. ನಮ್ಮ ಘಟ್ಟದ ಬೀಜದಲ್ಲೂ ಅವೇ ಇದ್ದವು.

ಇಷ್ಟಾದರೂ ರೋಗಿಯ ಪಾಡು ತಪ್ಪಲಿಲ್ಲ. ಕುಡಿಸಿದರೆ ಕಕ್ಕುತ್ತಿದ್ದ. ಚುಚ್ಚಿದರೆ ಮಂದ ಎಣ್ಣೆ ಚರ್ಮದಡಿ ಕರಗದೆ ಗಂಟುಗಟ್ಟಿ ನೋಯುತ್ತಿತ್ತು. ಈ ಗಂಟು ಬಿಡಿಸಿದ್ದು ಹವಾಯಿಯ ಹೊನೊಲುಲುವಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ, ಇಪ್ಪತ್ಮೂರು ದಾಟಿದ ಕಪ್ಪು ವರ್ಣೀಯ ಹೆಣ್ಣುಮಗಳು ಆಲಿಸ್ ಬಾಲ್. ಅಲ್ಲಿನ ಕುಷ್ಠರೋಗದ ಆಸ್ಪತ್ರೆಯ ವೈದ್ಯ ಹ್ಯಾರಿ ಹೋಲ್‌ಮನ್ ಕೇಳಿಕೊಂಡ ಮೇಲೆ ಆಕೆ ಎಣ್ಣೆಯ ಕೊಬ್ಬಿನಾಮ್ಲಗಳನ್ನು ಈಥೈಲ್ ಎಸ್ಟರ್‌ಗಳಾಗಿ ಮಾರ್ಪಡಿಸಿದಳು. ಮದ್ದು ತೆಳುವಾಗಿ ಮೈಗೆ ಇಳಿಯತೊಡಗಿತು. ಸಂಶೋಧನೆಯನ್ನು ಪ್ರಕಟಿಸುವ ಮೊದಲೇ, 1916ರ ಡಿಸೆಂಬರ್ 31ರಂದು, 24ನೇ ವಯಸ್ಸಿನಲ್ಲಿ ತೀರಿಕೊಂಡಳು. ಕಾಲೇಜಿನ ಅಧ್ಯಕ್ಷ ಆರ್ಥರ್ ಡೀನ್ ಕೆಲಸ ಮುಂದುವರಿಸಿದ; ವಿಧಾನಕ್ಕೆ ‘ಡೀನ್ ವಿಧಾನ’ ಎಂಬ ಹೆಸರೇ ನಿಂತಿತು. 1922ರಲ್ಲಿ ಹೋಲ್‌ಮನ್ ಅದನ್ನು ‘ಬಾಲ್ ವಿಧಾನ’ ಎಂದು ಬರೆದದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆಕೆಯ ಹೆಸರಿನ ಫಲಕ ಹವಾಯಿ ವಿಶ್ವವಿದ್ಯಾಲಯದ ಚಾಲ್ಮುಗ್ರ ಮರಕ್ಕೆ ಬಂದದ್ದು 2000ದಲ್ಲಿ. ವಿಜ್ಞಾನದ ಮನೆಯಲ್ಲೂ ದುಡಿದವರೊಬ್ಬರು, ಉಂಡವರೊಬ್ಬರು.

ಬೇಡಿಕೆ ಏರಿದಾಗ ಅಮೆರಿಕದ ಕೃಷಿ ಇಲಾಖೆ ಸಸ್ಯಶಾಸ್ತ್ರಜ್ಞ ಜೋಸೆಫ್ ರಾಕ್‌ನನ್ನು ಸಿಯಾಂ, ಬರ್ಮಾ ಕಾಡುಗಳಿಗೆ ಬೀಜ ಹುಡುಕಲು ಅಟ್ಟಿತು. ಅವನು ತಂದ ಬೀಜಗಳಿಂದ ಹವಾಯಿಯಲ್ಲಿ ತೋಟವೇ ಎದ್ದಿತು. ಇತ್ತ ಕಲ್ಕತ್ತೆಯಲ್ಲಿ ಲಿಯೊನಾರ್ಡ್ ರಾಜರ್ಸ್, ಅರ್ನೆಸ್ಟ್ ಮ್ಯೂರ್ ಸೂಜಿಮದ್ದಿನ ಪ್ರಯೋಗಗಳನ್ನು ಮುಂದುವರಿಸಿದರು. ಭಾರತದ ಚಿಕಿತ್ಸಾಲಯಗಳಿಗೆ ಪಶ್ಚಿಮಘಟ್ಟದ ಎಣ್ಣೆ ಒದಗತೊಡಗಿತು. ಕಡಲತೀರದ ಮರ ಎಂದು ಸಂಹಿತೆ ಹೇಳಿದ್ದ ಮದ್ದಿಗೆ ಬರ್ಮಾ, ಲಂಡನ್, ಹೊನೊಲುಲು ಸುತ್ತಿ ಮನೆಗೆ ಮರಳುವ ಯೋಗ.

ಎಣ್ಣೆಯಿಂದ ನಿಜಕ್ಕೂ ರೋಗ ವಾಸಿಯಾಯಿತೇ? ಕೆಲವರಿಗೆ ಗುಣ ಕಂಡಿತು, ಹಲವರಲ್ಲಿ ರೋಗ ಮರುಕಳಿಸಿತು. ವೈದ್ಯರ ಜಗಳ ಕೊನೆಗೂ ತೀರಲಿಲ್ಲ. ನನಗೆ ಅನ್ನಿಸುವುದು, ಈ ಎಣ್ಣೆ ರೋಗಾಣುವಿಗಿಂತ ಹೆಚ್ಚು ಪೆಟ್ಟು ಕೊಟ್ಟದ್ದು ರೋಗಿಗಳನ್ನು ಊರಾಚೆ ಇಟ್ಟಿದ್ದ ಗೋಡೆಗೆ. ಮದ್ದು ಇದೆ ಎಂದಾಗ ಬಚ್ಚಿಟ್ಟುಕೊಂಡಿದ್ದವರು ತಾವಾಗಿಯೇ ಚಿಕಿತ್ಸಾಲಯಕ್ಕೆ ಬಂದರು, ಸೂಜಿ ಚುಚ್ಚಿಸಿಕೊಂಡು ಮನೆಗೂ ಮರಳಿದರು.

1940ರ ದಶಕದಲ್ಲಿ ಸಲ್ಫೋನ್ ಮದ್ದುಗಳು ಬಂದವು, ಎಣ್ಣೆ ಮೂಲೆ ಸೇರಿತು. ಈಗ ಬಹುವಿಧ ಔಷಧ ಚಿಕಿತ್ಸೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಕುಷ್ಠದ ಮಚ್ಚೆ ಕಂಡವರು ಅಲ್ಲಿಗೇ ಹೋಗಬೇಕು, ಗರುಡಫಲ ಹುಡುಕಿಕೊಂಡು ಹೊಳೆದಂಡೆಗಲ್ಲ. ಹಾಗೆಂದು ಬೀಜ ವ್ಯರ್ಥವಾಗಿಲ್ಲ. ಎಣ್ಣೆ ತೆಗೆದು ಉಳಿದ ಹಿಂಡಿಯ ಪುಡಿಗೆ ಅಷ್ಟೇ ಮರಳು ಬೆರೆಸಿ ತೆಂಗಿನ ಸುಳಿಯ ಪಕ್ಕದ ಗರಿಗಳ ಸಂದಿಗೆ ತುಂಬಿದರೆ ಕುರುವಾಯಿ ದುಂಬಿ ಹತ್ತಿರ ಬರುವುದಿಲ್ಲ ಎಂದು ಕೇರಳದ ಕೃಷಿ ತಜ್ಞರು ರೈತರಿಗೆ ಹೇಳುತ್ತಾರೆ. ಬೇವಿನ ಹಿಂಡಿಯಾದರೂ ನಡೆಯುತ್ತದಂತೆ.