ನಿಮಗಿದು ಗೊತ್ತೇ? ಮೊಳಕಾಲ್ಮೂರಿನ ಗುಂಡುಗಳನ್ನು ಪೇರಿಸಿದ್ದು ಯಾರು?

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರಿನ ಸುತ್ತ ಒಂದರ ಮೇಲೊಂದು ಕೂತ ಕಲ್ಲುಗುಂಡುಗಳನ್ನು ಯಾವ ಪ್ರಳಯವೂ ಹೊತ್ತು ತಂದಿಲ್ಲ, ಯಾವ ಜ್ವಾಲಾಮುಖಿಯೂ ಎಸೆದಿಲ್ಲ. ಅವು ಇದ್ದಲ್ಲೇ ರೂಪುಗೊಂಡವು. ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದಾಳದಲ್ಲಿ ಶಿಲಾಪಾಕ ತಣಿದು ಗ್ರಾನೈಟ್ ಆಯಿತು. ಮೇಲಿನ ಹೊರೆ ಸವೆದಂತೆ ಬಂಡೆ ಬಿರಿಯಿತು. ಬಿರುಕಿಗಿಳಿದ ನೀರು ಅದರ ಫೆಲ್ಡ್‌ಸ್ಪಾರ್ ಖನಿಜವನ್ನು ಜೇಡಿಮಣ್ಣಾಗಿಸಿತು. ಮೂಲೆಗಳಿಗೆ ಎರಡು ಮೂರು ಕಡೆಯಿಂದ ನೀರು ತಾಗುವುದರಿಂದ ಅವೇ ಮೊದಲು ಸವೆದವು. ಈರುಳ್ಳಿ ಸಿಪ್ಪೆಯಂತೆ ಪದರ ಕಳಚುತ್ತಾ ಚೌಕದ ಬಂಡೆ ಗುಂಡಗಾಯಿತು. ಸಡಿಲ ಮಣ್ಣನ್ನು ಮಳೆ ತೊಳೆದೊಯ್ದ ಮೇಲೆ ಉಳಿದ ಗಟ್ಟಿ ತಿರುಳೇ ಇಂದಿನ ಗುಂಡು.

ಭೂಮಿ ಹೀಗೆ ನಿಧಾನವಾಗಿ ಬದಲಾಗುತ್ತದೆಯೋ, ದಿಢೀರನೆಯೋ ಎಂಬುದು ಹಳೆಯ ವಾದ. ಭೂಮಿಯನ್ನು ಮತ್ತೆ ಮತ್ತೆ ಬದಲಿಸಿದ್ದು ಮಹಾ ಉತ್ಪಾತಗಳು ಎಂದವರು ಫ್ರಾನ್ಸಿನ ವಿಜ್ಞಾನಿ ಕ್ಯುವಿಯೆ. ಇಂದು ಕಾಣುವ ಮಳೆ, ಗಾಳಿ, ಹೊಳೆಗಳೇ ಸಾಕು, ಕಾಲ ಮಾತ್ರ ಧಾರಾಳವಾಗಿ ಬೇಕು ಎಂದವರು ಸ್ಕಾಟ್ಲೆಂಡಿನ ಭೂವಿಜ್ಞಾನಿ ಹಟನ್. 1830ರಿಂದ ಗ್ರಂಥ ಹೊರತಂದು ಹಟನ್ ವಾದವನ್ನು ಗೆಲ್ಲಿಸಿದವರು ಭೂವಿಜ್ಞಾನಿ ಲೈಯಲ್. ಮೊಳಕಾಲ್ಮೂರಿನ ಗುಂಡುಗಳ ಸಾಕ್ಷಿ ಹಟನ್ ಕಡೆಗೇ.

ಆದರೆ ಇದೇ ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಗೆ ಹೋಗಿ ನೋಡಿ. ಅಲ್ಲಿನ ದಿಂಬಿನಾಕಾರದ ಲಾವಾ ಕಲ್ಲುಗಳು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಕುದಿವ ಲಾವಾ ನೀರಿನೊಳಗೆ ಉಕ್ಕಿ, ಹೊರಮೈ ಥಟ್ಟನೆ ಹೆಪ್ಪುಗಟ್ಟಿದ್ದರಿಂದ ಆದ ಆಕಾರ ಅದು. ಈಗ ಬಯಲುಸೀಮೆ, ಅಂದು ನೀರಿನ ತಳ!

6.6 ಕೋಟಿ ವರ್ಷಗಳ ಹಿಂದೆ ಮೆಕ್ಸಿಕೋ ಬಳಿ ಅಪ್ಪಳಿಸಿದ ಆಕಾಶಕಾಯದ ಸುಳಿವು 1980ರಲ್ಲಿ ಇರಿಡಿಯಂ ಪದರದಿಂದ ಸಿಕ್ಕ ಮೇಲೆ ಉತ್ಪಾತದ ವಾದಕ್ಕೆ ಮತ್ತೆ ಜೀವ ಬಂತು. ಅದೇ ಕಾಲದ ದಖನ್ ಲಾವಾ ಬೀದರ್, ಬೆಳಗಾವಿಗಳನ್ನು ಮುಚ್ಚಿತು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ ಆ ಹೊದಿಕೆ ಇಲ್ಲ.

ದಿಢೀರ್ ಬದಲಾವಣೆ ಇಂದಿಗೂ ಉಂಟು. 1933ರಲ್ಲಿ ಕೋಡಿ ಬಿದ್ದಿದ್ದ ಮಾರಿಕಣಿವೆ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ಅದರ ಕೆಳಗೆ ಚಳ್ಳಕೆರೆ ಸೀಮೆಯಲ್ಲಿ ವೇದಾವತಿ ನದಿ ತುಂಬಿ ಹರಿಯಿತು. ಬರದ ನಾಡಿನಲ್ಲೂ ನದಿಪಾತ್ರ ಬದಲಾಗುವುದು ಹೆಚ್ಚಾಗಿ ಇಂಥ ಕೆಲವೇ ದಿನಗಳಲ್ಲಿ. ನಿಧಾನ, ದಿಢೀರ್ ಎರಡೂ ನಿಜ ಎನ್ನುತ್ತದೆ ಇಂದಿನ ಭೂವಿಜ್ಞಾನ.

ಗ್ರಾನೈಟ್ ಎಷ್ಟು ನಿಧಾನ ಸವೆಯುತ್ತದೆ? ಅಳತೆಗೋಲು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿದೆ. ಊರವರು ಅಕ್ಷರ ಗುಂಡು ಎನ್ನುವ ಬಂಡೆಯ ಅಶೋಕನ ಶಾಸನವನ್ನು 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಬೆಳಕಿಗೆ ತಂದರು. ಕೆತ್ತಿ 2,200 ವರ್ಷ ದಾಟಿದರೂ ಲಿಪಿಕಾರ ಚಪಡನ ಹೆಸರನ್ನು ಓದಬಹುದು. ಹತ್ತಿರದ ಜಟಿಂಗ ರಾಮೇಶ್ವರದ ಶಾಸನ ಮಾತ್ರ ಬಹಳ ಸವೆದಿದೆ. ಬ್ರಹ್ಮಗಿರಿಗೆ ಹೋದರೆ ಕಣ್ತುಂಬ ನೋಡಿ, ಅಕ್ಷರಗಳ ಮೇಲೆ ಕೈಯಾಡಿಸಬೇಡಿ.